ಗುಹೆಯೊಳಗಿನ ಬಚ್ಚಪ್ಪ

ನಿಮ್ಮ ಇಷ್ಟ ಬಂದ ಸಂಪ್ರದಾಯ ಮುರಿಯಿರಿ, ಯಾರೂ ಕೇಳುವುದಿಲ್ಲ ಎಂದು ಜನರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟು ನೋಡಿ. ಮೊದಲು ಹಿಂದೆ ಮುಂದೆ ನೋಡುತ್ತಾರೆ. ಆಮೇಲೆ ನೀವು ಕನಸಿನಲ್ಲೂ ಎಣಿಸದ ಯಾವುದೋ ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದಾಗ ನನಗೆ ಇಂಥವು ಒಂದರ ಹಿಂದೆ ಒಂದು ಆಗುತ್ತಲೇ ಇದ್ದವು.

ಒಂದು ವಾಕ್ಯದ ಕಷ್ಟ

ಕಾಲ್ ಸೆಂಟರಿನ ಗಾಳಿ ನಮ್ಮ ಕಡೆಗೂ ಬೀಸಿದ್ದ ವರ್ಷಗಳು ಅವು. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಕ್ಲಾಸು. ಬರುತ್ತಿದ್ದವರಲ್ಲಿ ಬಿ.ಎಡ್. ಮುಗಿಸಿದ ಒಬ್ಬ ಸೊಸೆ ಇದ್ದಳು. ಅವಳ ಜೊತೆ ಕಾವಲಿಗೆ ಅತ್ತೆಯೂ ಬಂದು ಹಿಂದಿನ ಬೆಂಚಿನಲ್ಲಿ ಹೂ ಕಟ್ಟುತ್ತಾ ಕೂರುತ್ತಿದ್ದರು.

ಸೊಸೆಯ ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಆದರೆ 'ಮೈ ಹಸ್ಬೆಂಡ್ಸ್ ನೇಮ್ ಈಸ್' ಎಂಬಲ್ಲಿಗೆ ಬಂದರೆ ಗಾಡಿ ನಿಂತೇ ಹೋಗುತ್ತಿತ್ತು. ಗಂಡನ ಹೆಸರು ಬಾಯಲ್ಲಿ ಹೇಳಬಾರದಲ್ಲ! ಒಂದು ಶಾಲೆಯ ಸಂದರ್ಶನದಲ್ಲಿ ಇದೇ ಪ್ರಶ್ನೆಗೆ ಬೆವತು, ಕರ್ಚೀಫು ಹಿಂಡಿ, ಎದ್ದು ಬಂದಿದ್ದಳು. ಈಗ ಚಿಂತಾಮಣಿಯ ಇನ್ನೊಂದು ಶಾಲೆಯವರು ಕರೆದಿದ್ದರು. ಇದೂ ಕೈತಪ್ಪಿದರೆ ಇನ್ನು ಕೆಲಸದ ಮಾತೇ ಎತ್ತಬಾರದು ಎಂದು ಮನೆಯಲ್ಲಿ ಹೇಳಿಯಾಗಿತ್ತು. ಅವಳಿಗೆ ಪಾಠ ಹೇಳುವ ಆಸೆ ಬಹಳ. ನನಗೂ ಪಾಪ ಅನ್ನಿಸುತ್ತಿತ್ತು.

ಒಂದು ದಿನ ಅತ್ತೆಯ ಹತ್ತಿರವೇ ಹೋದೆ. "ನೀವಾದ್ರೂ ನಿಮ್ಮ ಮಗನ ಹೆಸರು ಹೇಳ್ರಮ್ಮ, ಕೇಳಿ ಅವರಿಗೂ ಧೈರ್ಯ ಬರ್ಲಿ."

"ನಾನೆಂಗೆ ಹೇಳ್ಲಪ್ಪ? ಅವನಿಗೆ ನಮ್ಮ ಮಾವನೋರ ಹೆಸರು ಇಟ್ಟೈತೆ. ಚಿನ್ನಾ ಅಂತ್ಲೇ ನಾನು ಕರೆಯೋದು."

"ಮತ್ತೆ ನಿಮ್ಮ ಮನೇಲಿ ಆ ಹೆಸರು ಯಾರು ಹೇಳ್ತಾರೆ?"

ಆಕೆ ಸ್ವಲ್ಪ ಯೋಚನೆ ಮಾಡಿದರು. "ಪೋಸ್ಟ್‌ಮ್ಯಾನು."

ಶನಿವಾರದ ರಾಕ್ಷಸ

ಬೆಂಗಳೂರಿನ ಹಳೆ ಪುಸ್ತಕದಂಗಡಿಯಲ್ಲಿ ನನಗೊಂದು ಆಟದ ಪುಸ್ತಕ ಸಿಕ್ಕಿತ್ತು. ಮಂತ್ರವಾದಿ, ರಾಕ್ಷಸ, ಮಾತಾಡುವ ಕಾಡು ಇರುವ ಒಂದು ಲೋಕ. ಆಡುವವರು ತಮಗೊಂದು ಪಾತ್ರ ಕಟ್ಟಿಕೊಂಡು, ಆ ಪಾತ್ರವಾಗಿಯೇ ಮಾತಾಡಬೇಕು. ಏನಾದರೂ ಸಾಹಸ ಮಾಡಿದರೆ ಗೆದ್ದರೋ ಸೋತರೋ ಎಂದು ದಾಳ ಹೇಳುತ್ತದೆ. ಅದರಲ್ಲಿದ್ದ ಹತ್ತಾರು ಮುಖದ ದಾಳ ನಮ್ಮಲ್ಲಿ ಎಲ್ಲಿ ಬರಬೇಕು? ಮನೆಯಿಂದ ಚೌಕಾಬಾರದ ಕವಡೆ ತಂದೆ. ಸೊಸೆಯ ಬಾಯಲ್ಲಿ ಬರದ ಮಾತು ಅವಳ ಪಾತ್ರದ ಬಾಯಲ್ಲಾದರೂ ಬರಬಹುದು ಎಂಬುದು ನನ್ನ ಲೆಕ್ಕಾಚಾರ.

"ನಿಮ್ಮ ಪಾತ್ರ ಯಾವ ಕುಲದ್ದು, ಆ ಕುಲದ ಯಾವ ಸಂಪ್ರದಾಯವನ್ನು ಅದು ಮುರಿಯುತ್ತೆ, ಇವೆರಡನ್ನ ಹೇಳಿ" ಎಂದೆ.

ಮೊದಲು ಎದ್ದವರು ಕಳವಾರದ ಹೋಟೆಲಿನವರು. ಸ್ಕಂದಗಿರಿ ಹತ್ತಲು ಬರುವ ಬೆಂಗಳೂರಿನ ಹುಡುಗರ ಜೊತೆ ಮಾತಾಡುವುದಕ್ಕೆ ಇಂಗ್ಲಿಷ್ ಕಲಿಯುತ್ತಿದ್ದರು.

"ನಾನು ರಾಕ್ಷಸ ಸಾರ್. ನಮ್ಮ ಕುಲದೋರೆಲ್ಲ ಮನುಷ್ಯರನ್ನ ತಿಂತಾರೆ. ನಾನು ತಿನ್ನಲ್ಲ."

ನನಗೆ ಖುಷಿಯಾಯಿತು. "ಭೇಷ್! ಯಾಕೆ ತಿನ್ನಲ್ಲ? ದಯೆಯಾ?"

"ದಯೆ ಏನಿಲ್ಲ ಸಾರ್. ಶನಿವಾರ ತಿನ್ನಲ್ಲ, ಅಷ್ಟೇ."

"ಮಿಕ್ಕ ದಿನ?"

"ಮಿಕ್ಕ ದಿನ ತಿನ್ನದೆ ಇರಕ್ಕಾಗತ್ತಾ?"

"ಅದೇನು ಸಂಪ್ರದಾಯ ಮುರಿದಂಗಾಯ್ತು ಮಾರಾಯರೇ?"

ಅವರಿಗೆ ಬೇಜಾರಾಯಿತು. "ಏನ್ ಸಾರ್ ನೀವು! ರಾಕ್ಷಸರ ಮನೇಲಿ ಹುಟ್ಟಿ ಶನಿವಾರ ಬಿಡೋದು ಅಂದ್ರೆ ಹುಡುಗಾಟನಾ? ಅವರಮ್ಮ ಎಷ್ಟು ಬೈದಿರ್ತಾಳೆ!"

ಚಪ್ಪಲಿ ಹಾಕಿದ ವೀರ

ಜಂಗಮಕೋಟೆ ಕಡೆಯಿಂದ ರೇಷ್ಮೆ ಸಾಕುವ ಮನೆಯ ಯುವಕ ಒಬ್ಬ ಬರುತ್ತಿದ್ದ. ಅವನ ಪಾತ್ರ ಒಬ್ಬ ಕಾಡಿನ ವೀರ. ಆ ಕಾಡಿನವರು ಎಮ್ಮೆ ಗಾತ್ರದ ರೇಷ್ಮೆ ಹುಳು ಸಾಕುತ್ತಾರೆ. ಕೈಕಾಲು ತೊಳೆಯದೆ ಯಾರೂ ಹುಳುಮನೆಗೆ ಕಾಲಿಡುವಂತಿಲ್ಲ.

"ನನ್ನ ಹೀರೋ ಏನು ಮಾಡ್ತಾನೆ ಅಂದ್ರೆ" ಎಂದು ಎಲ್ಲರ ಮುಖ ನೋಡಿ, "ಚಪ್ಪಲಿ ಹಾಕ್ಕೊಂಡೇ ಒಳಗೆ ಹೋಗ್ತಾನೆ!" ಎಂದ.

ರಾಕ್ಷಸ ಮನುಷ್ಯರನ್ನು ತಿಂದಾಗ ತೆಪ್ಪಗಿದ್ದ ಕ್ಲಾಸು ಈಗ ಹೌಹಾರಿತು. "ಹುಳಕ್ಕೆ ರೋಗ ಬಂದ್ರೆ ಏನೋ ಮಾಡ್ತೀಯ?" ಎಂದು ಹಿಂದಿನ ಬೆಂಚಿನಿಂದ ಅತ್ತೆಯೇ ಗದರಿದರು. ಅಲ್ಲಿಯವರೆಗೆ ಆಕೆ ನಮ್ಮ ಆಟವನ್ನು ಕೇಳಿಸಿಕೊಳ್ಳುತ್ತಿದ್ದಾರೆಂದೇ ನನಗೆ ಗೊತ್ತಿರಲಿಲ್ಲ.

ಕವಡೆ ಹಾಕಿದೆವು. ಕವಡೆ ಕೈಕೊಟ್ಟಿತು. ಹುಳುಗಳೆಲ್ಲ ಸತ್ತವು. ಯುವಕನ ಮುಖ ಬಾಡಿಹೋಯಿತು. ಮಾರನೆಯ ದಿನ ನಾನು, "ಸರಿ, ನಿಮ್ಮ ವೀರ ಈಗ ರಾಜಕುಮಾರಿಯನ್ನು ಹುಡುಕಿಕೊಂಡು ಹೊರಟ" ಎಂದು ಶುರು ಮಾಡಿದರೆ ಅವನು ಕೈ ಅಡ್ಡ ಹಿಡಿದ.

"ರಾಜಕುಮಾರಿ ಎಲ್ಲೂ ಹೋಗಲ್ಲ ಸಾರ್, ಇರ್ಲಿ. ಮೊದ್ಲು ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹಾಕ್ಸಿ."

ಗುಹೆಯ ಬಾಗಿಲು

ಕೊನೆಗೆ ಸೊಸೆಯ ಸರದಿ ಬಂತು. ಸಂದರ್ಶನ ಮಾರನೆಯ ದಿನವೇ ಇತ್ತು. ಅವಳ ಪಾತ್ರ ಒಬ್ಬ ಬೆಟ್ಟದ ರಾಣಿ. ಆ ಬೆಟ್ಟದಲ್ಲಿ ಹೆಂಡತಿಯರು ಗಂಡನ ಹೆಸರು ಹೇಳುವಂತಿಲ್ಲ, ಇವಳು ಹೇಳುತ್ತಾಳೆ. ಅಷ್ಟು ಹೇಳುವಷ್ಟರಲ್ಲಿ ಅವಳು ಹಿಂದಿನ ಬೆಂಚಿನ ಕಡೆ ಎರಡು ಸಲ ನೋಡಿದಳು.

ನಾನು ಕಥೆ ಕಟ್ಟಿದೆ. ರಾಣಿಯ ಗಂಡನನ್ನು ರಾಕ್ಷಸ ಗುಹೆಯಲ್ಲಿ ಕೂಡಿಹಾಕಿದ್ದಾನೆ. ಹೆಸರು ಹಿಡಿದು ಕೂಗಿದರೆ ಮಾತ್ರ ಬಾಗಿಲು ತೆರೆಯುತ್ತದೆ.

"ಗಂಡನಿಗೆ ಏನು ಹೆಸರು ಇಡೋಣ?"

"ನೀವೇ ಯಾರಾದ್ರೂ ಇಡಿ" ಎಂದಳು.

"ಬಚ್ಚಪ್ಪ!" ಎಂದರು ಹೋಟೆಲಿನವರು.

ಸೊಸೆ ಬೆಚ್ಚಿ ಬಾಯಿ ಮುಚ್ಚಿಕೊಂಡಳು. "ಬೇರೆ ಇಡಿ ಸಾರ್."

"ಯಾಕೆ? ಇವನು ನಿಮ್ಮ ಗಂಡ ಅಲ್ವಲ್ಲ, ಆಟದ ಗಂಡ."

"ಆಟದಲ್ಲಾದ್ರೂ ಗಂಡ ಗಂಡನೇ ಅಲ್ವಾ ಸಾರ್?"

ನಾನು ಹಟ ಹಿಡಿದೆ. ನಾಳೆ ಹೇಳಬೇಕಾದವಳು ಇಂದು ಹೇಳದಿದ್ದರೆ ಹೇಗೆ? ಗುಹೆಯೊಳಗೆ ನೀರು ನುಗ್ಗಿಸಿದೆ. ಮೊಣಕಾಲಿಗೆ ಬಂತು ಎಂದೆ, ಎದೆಗೆ ಬಂತು ಎಂದೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು "ಬ... ಬ..." ಎನ್ನುತ್ತಾಳೆ, ಮುಂದಕ್ಕೆ ಹೋಗುವುದಿಲ್ಲ. ಕ್ಲಾಸಿನವರೆಲ್ಲ "ಕೂಗಮ್ಮಾ, ಕೂಗು" ಎನ್ನುತ್ತಿದ್ದಾರೆ.

"ನೀರು ಕುತ್ತಿಗೆಗೆ ಬಂತು!" ಎಂದೆ.

ಹೂವಿನ ಬುಟ್ಟಿ ಉರುಳಿದ ಸದ್ದಾಯಿತು. ಅತ್ತೆ ಎದ್ದು ನಿಂತಿದ್ದರು. "ಅಯ್ಯೋ ದೇವುಡಾ, ಸಾಯ್ತಾನಲ್ಲಪ್ಪ ಒಳಗೆ!" ಎಂದವರೇ ಗಂಟಲು ಹರಿಯುವಂತೆ ಕೂಗಿದರು: "ಲೋ ಬಚ್ಚಪ್ಪಾ! ಬಾರೋ ಈಚೆಗೆ!"

"ಬಂದೆ ಕಣೇ, ಬಂದೆ! ಮೆಟ್ಲು ಹತ್ತೋದು ಬ್ಯಾಡ್ವಾ?" ಎಂದು ಕೆಳಗಿನಿಂದ ಉತ್ತರ ಬಂತು.

ನಮಗೆಲ್ಲ ಜೀವವೇ ಹಾರಿಹೋಯಿತು. ಏದುಸಿರು ಬಿಡುತ್ತಾ ಬಾಗಿಲಲ್ಲಿ ಕಾಣಿಸಿಕೊಂಡವರು ಅತ್ತೆಯ ಯಜಮಾನರು. ಇಬ್ಬರನ್ನೂ ಮನೆಗೆ ಕರೆದೊಯ್ಯಲು ಬಂದಿದ್ದರು. ಅವರ ಹೆಸರೇ ಬಚ್ಚಪ್ಪ! ಮದುವೆಯಾದ ಲಾಗಾಯ್ತಿನಿಂದ ಹೆಂಡತಿಯ ಬಾಯಲ್ಲಿ 'ರೀ' ಬಿಟ್ಟು ಇನ್ನೊಂದು ಕೇಳದ ಮನುಷ್ಯ.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ನಿಮ್ಮನ್ನಲ್ಲ ರೀ, ಗುಹೇಲಿರೋನ್ನ ಕರೆದಿದ್ದು!"

ಸೊಸೆಗೆ ನಗು ಒತ್ತರಿಸಿ ಬಂತು. ನಕ್ಕು ನಕ್ಕು ಸಾಕಾಗಿ, ಕಣ್ಣೊರೆಸಿಕೊಂಡು ಎದ್ದು ನಿಂತು, "ಮೈ ಹಸ್ಬೆಂಡ್ಸ್ ನೇಮ್ ಈಸ್ ಗಂಗಾಧರಪ್ಪ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಅತ್ತೆ ತಮ್ಮ ಮಾವನ ಹೆಸರು ಕೇಳಿ ಮುಚ್ಚಿದ ಸೆರಗನ್ನು ಇನ್ನೂ ಕೆಳಕ್ಕೆ ಎಳೆದುಕೊಂಡರು. ಆದರೆ ಬಯ್ಯಲಿಲ್ಲ. ಬಯ್ಯುವ ಮುಖ ಅವರಿಗೆ ಉಳಿದಿರಲಿಲ್ಲ.

ಚಿಂತಾಮಣಿಯ ಕೆಲಸ ಸೊಸೆಗೆ ಸಿಕ್ಕಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೆಲವು ತಿಂಗಳಾದ ಮೇಲೆ ಸಂತೆಯಲ್ಲಿ ಅತ್ತೆ ಸಿಕ್ಕರು. "ಮನೇಲಿ ಎಲ್ಲ ಚೆನ್ನಾಗಿದ್ದೀರಾ?" ಎಂದು ಕೇಳಿದೆ.

"ಅವಳಿಗೇನಪ್ಪ, ದಿನಾ ಆರಾಮಾಗಿ ಇಸ್ಕೂಲಿಗೆ ಹೋಗಿ ಬರ್ತಾಳೆ. ನೀನು ಹಾಳು ಮಾಡಿದ್ದು ನಮ್ಮೆಜಮಾನ್ರನ್ನ" ಎಂದರು.

"ನಾನೇನು ಮಾಡಿದೆನಮ್ಮ?"

"ಈಗ 'ರೀ' ಅಂದ್ರೆ ತಿರುಗೇ ನೋಡಲ್ಲ. ಆ ಗುಹೇಲಿರೋನ್ನ ಕರೆದಂಗೆ ಕರೀ, ಬರ್ತೀನಿ ಅಂತಾರೆ!"