ಹಾಲಸಿದ್ದಪ್ಪನವರ ಬಂದೂಕೂ ಅಂಬುಜೆಯ ಸಾರೂ

ನಮ್ಮ ವಂಶದಲ್ಲಿ ತಿಗಣೆಗಿಂತ ದೊಡ್ಡ ಪ್ರಾಣಿಯನ್ನು ಕೊಂದವರು ಇದುವರೆಗೆ ಯಾರೂ ಇಲ್ಲ. ಅಜ್ಜನದು ಪಂಚಾಂಗ ಹಿಡಿದ ಕೈ, ಅಪ್ಪನದು ಪಂಚಪಾತ್ರೆ ಹಿಡಿದ ಕೈ, ನನ್ನದು ಮೌಂಟ್ ರೋಡಿನ ಕಂಪನಿಯಲ್ಲಿ ಲೇಖನಿ ಹಿಡಿದ ಕೈ. ಇಂಥ ಕೈಯಲ್ಲಿ ಬಂದೂಕು ಹಿಡಿಯುತ್ತೇನೆಂದು ನಾನು ಘೋರ ಸಂಕಲ್ಪ ಮಾಡಿದೆ!

"ನೋಡ್ತಿರು ಅಂಬುಜಾ, ನನ್ನ ಗುಂಡು ಗುರಿ ಮುಟ್ಟದೇ ಇದ್ದರೆ ನನ್ನ ಹೆಸರು ರಘುರಾಮ ಅಲ್ಲ."

"ಹೆಸರು ಆಮೇಲೆ ಬದಲಾಯಿಸೋಣ. ಮೊದಲು ರೇಷನ್ ಸಕ್ಕರೆ ತನ್ನಿ," ಎಂದಳು ನನ್ನ ಹೆಂಡತಿ.

ಬಂದೂಕು ನನ್ನದಲ್ಲ, ಸ್ನೇಹಿತ ಹಾಲಸಿದ್ದಪ್ಪನವರದು. ರಾಯಪುರಂನಲ್ಲಿ ಅವರದು ಬ್ಯಾಡಗಿ ಮೆಣಸಿನಕಾಯಿಯ ಮಂಡಿ. ಅವರ ಅಜ್ಜನ ಕಾಲದ, ಒಂದೊಂದೇ ತೋಟಾ ತುಂಬಿ ಹೊಡೆಯುವ, ಕರಿಮದ್ದಿನ ರೈಫಲ್ಲು ಅದು. ಲೈಸೆನ್ಸು ಇವರ ಹೆಸರಿನಲ್ಲೇ ಇದ್ದರೂ ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಬಳಿಯುವುದನ್ನು ಬಿಟ್ಟು ಬೇರೆ ಸಾಹಸವನ್ನು ಇವರು ಮಾಡಿದವರಲ್ಲ. ಅಷ್ಟರಲ್ಲಿ ರೈಫಲ್ ಕ್ಲಬ್ಬಿನವರು ಹಳೆಯ ಬಂದೂಕುಗಳಿಗೆಂದೇ ಒಂದು ಪಂದ್ಯ ಇಟ್ಟರು. ನಾನು ಹೊಡೆಯುತ್ತೇನೆ ಎಂದೆ. ನನಗೆ ಸೈನಿಕ ಅನುಭವವೂ ಇತ್ತು. ಯುದ್ಧಕಾಲದಲ್ಲಿ ಮದರಾಸಿನ ಮೇಲೆ ಬಾಂಬು ಬೀಳುತ್ತದೆಂದು ಎಲ್ಲರೂ ಹೆದರಿದ್ದಾಗ ತಿರುವಲ್ಲಿಕೇಣಿಯ ನಮ್ಮ ಬೀದಿಯಲ್ಲಿ ಶಿಳ್ಳೆ ಊದಿ ದೀಪ ಆರಿಸಿದ ವೀರ ನಾನೇ.

ಹಾಲಸಿದ್ದಪ್ಪನವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ಬಂದೂಕ ಒಯ್ರಿ ರಾಯರ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಆದ್ರ ಪಂದ್ಯದ ಹಿಂದಿನ ಐತವಾರ ನಿಮ್ಮ ಮನ್ಯಾಗ ನನಗ ಊಟ. ಅಕ್ಕಾರ ಕೈ ಸಾರು ಆಗಬೇಕು. ಸಾರು ಇಲ್ಲಂದ್ರ ಬಂದೂಕೂ ಇಲ್ಲ."

ಅಂಬುಜೆಯ ಸಾರಿನ ಕೀರ್ತಿ ಅಂಥದು. ಯಾರಾದರೂ ಹೊಗಳಿದರೆ ಅವಳು, "ಕೈಗುಣ ಅಲ್ಲ, ಪಾತ್ರೆ ಗುಣ," ಎನ್ನುತ್ತಿದ್ದಳು. ಯಾವ ಪಾತ್ರೆ ಎಂದು ನಾನು ಕೇಳಿದವನಲ್ಲ. ಉಣ್ಣುವವನಿಗೆ ಪಾತ್ರೆಯ ಗೋತ್ರ ಯಾಕೆ?

ನಾನು ತೋಟಾಗಳ ಅಧ್ಯಯನಕ್ಕೆ ಇಳಿದೆ. ಈಗಿನ ಕಾಲದ ತೋಟಾ ಹಾಕಿದರೆ ಹಳೆಯ ನಳಿಗೆ ಒಡೆದು ನನ್ನ ಮೂಗಿಗೇ ಬರುತ್ತದೆ ಎಂದು ಬಂದೂಕಿನ ಅಂಗಡಿಯವರು ಎಚ್ಚರಿಸಿದರು. ಹಳೆಯ ಹಿತ್ತಾಳೆ ತೋಟಾಗಳಿಗೆ ಕರಿಮದ್ದನ್ನು ಅವರೇ ತುಂಬಿಕೊಡುತ್ತಾರಂತೆ, ಗುಂಡನ್ನು ಮಾತ್ರ ನಾವು ಎರಕ ಹೊಯ್ದುಕೊಳ್ಳಬೇಕಂತೆ. ಬಂದೂಕಿನ ಪೆಟ್ಟಿಗೆಯಲ್ಲಿ ಅಡಕೊತ್ತಿನಂಥ ಒಂದು ಅಚ್ಚೂ ಇತ್ತು, ಅದೊಂದನ್ನು ಮುಂಚೆಯೇ ಇಸಕೊಂಡು ಬಂದೆ. ಲೈಬ್ರರಿಯಿಂದ ದಪ್ಪನೆಯ ಪುಸ್ತಕ ತಂದು ಓದಿ, ವಾರವೆಲ್ಲ ಊಟದ ಹೊತ್ತಿನಲ್ಲಿ ಉಪನ್ಯಾಸ ಮಾಡಿದೆ.

"ಬರೀ ಸೀಸ ಆದರೆ ಮೆತ್ತಗಾಗಿ ನಳಿಗೆಗೆ ಅಂಟಿಕೊಳ್ಳುತ್ತೆ. ತವರ ಜಾಸ್ತಿ ಆದರೆ ಗುಂಡು ಗಡುಸು, ದಪ್ಪ. ಸೀಸಕ್ಕೆ ತವರ ಚಿಟಿಕೆಯಷ್ಟೇ ಬೀಳಬೇಕು."

"ಸಾರಿಗೆ ಇಂಗು ಹಾಕೋ ಹಾಗೆ."

"ಸರಿಯಾಗಿ ಹೇಳಿದೆ. ಆಮೇಲೆ ಗುಂಡಿಗೆ ಕೊಬ್ಬು ಸವರಬೇಕು. ನಾವು ಮೇಣಕ್ಕೆ ಎಳ್ಳೆಣ್ಣೆ ಸೇರಿಸಿ ಸವರೋಣ."

"ದೇವರ ದೀಪದ ಎಣ್ಣೆ ಮುಟ್ಟಬೇಡಿ. ನನ್ನ ಕಬ್ಬಿಣದ ಬಾಣಲೆಯನ್ನೂ ಮುಟ್ಟಬೇಡಿ," ಎಂದಳು ಅಂಬುಜಾ.

ಆ ಭಾನುವಾರ ಬಂತು. ಹಾಲಸಿದ್ದಪ್ಪನವರು ಮಧ್ಯಾಹ್ನಕ್ಕೆ ಬರುವವರಿದ್ದರು. ಅಂಬುಜಾ ಬೆಳಿಗ್ಗೆ ಮಠಕ್ಕೆ ಹೋದಳು. ನಾನು ಮೂರ್ ಮಾರ್ಕೆಟ್ಟಿನಿಂದ ತಂದ ಹಳೆಯ ಸೀಸದ ಪೈಪಿನ ತುಂಡುಗಳನ್ನು ಹಿತ್ತಲಿಗೆ ಸಾಗಿಸಿ ಇದ್ದಿಲೊಲೆ ಹಚ್ಚಿದೆ. ಕರಗಿಸಲು ಪಾತ್ರೆ ಬೇಕಲ್ಲ? ಬಾಣಲೆ ಮುಟ್ಟಬಾರದು, ಆಣೆಯಾಗಿದೆ. ಆದರೆ ಮೇಲಿನ ಹಲಗೆಯ ಮೇಲೆ ಬಟ್ಟೆ ಸುತ್ತಿಟ್ಟಿದ್ದ, ಬೆಳ್ಳಗಿನ, ದಪ್ಪ ಗೋಡೆಯ ಒಂದು ಚೊಂಬಿನ ಬಗ್ಗೆ ಅವಳು ಚಕಾರ ಎತ್ತಿರಲಿಲ್ಲ. ತಳವೆಲ್ಲ ಕಪ್ಪಾಗಿತ್ತು, ಅಂದರೆ ಬೆಂಕಿ ಕಂಡ ಪಾತ್ರೆಯೇ. ಹೆಂಡತಿಯ ಮಾತನ್ನು ಅಕ್ಷರಶಃ ಪಾಲಿಸಿದ ತೃಪ್ತಿಯಿಂದ ಸೀಸವನ್ನು ಅದಕ್ಕೆ ಹಾಕಿ ಒಲೆಯ ಮೇಲಿಟ್ಟು ಬೀಸಣಿಗೆ ಬೀಸಿದೆ.

ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ಬೆಳ್ಳಿಯಂತೆ ಏನೋ ಹೊಳೆಯಿತು. ಎಷ್ಟು ಬೇಗ ಕರಗಿತು ಎಂದು ನನ್ನ ಪ್ರತಿಭೆಗೆ ನಾನೇ ತಲೆದೂಗಿದೆ. ಆಮೇಲೆ ನೋಡಿದರೆ ಪೈಪಿನ ತುಂಡುಗಳು ನೆಟ್ಟಗೆ ನಿಂತಿವೆ, ಚೊಂಬು ಮಾತ್ರ ಮೆಲ್ಲಗೆ ಕುಳಿತುಕೊಳ್ಳುತ್ತಿದೆ! ಇಕ್ಕಳ ಹುಡುಕಿ ತರುವಷ್ಟರಲ್ಲಿ ಒಲೆಯ ಮೇಲೆ ಸೀಸವಿತ್ತು, ಚೊಂಬಿರಲಿಲ್ಲ. ಕರಗಿದ್ದೆಲ್ಲ ಬೂದಿಗೆ ಇಳಿದಿತ್ತು.

ಇನ್ನು ಅಡಗಿಸುವುದೊಂದೇ ದಾರಿ. ಬೂದಿ ಕೆದಕಿ ಗಟ್ಟಿಗಳನ್ನೆಲ್ಲ ಆರಿಸಿದೆ. ಆಣೆಯನ್ನು ಬದಿಗಿಟ್ಟು ಆ ಕಬ್ಬಿಣದ ಬಾಣಲೆಯನ್ನೇ ತಂದೆ. ಸೀಸ, ಚೊಂಬು ಎಲ್ಲವನ್ನೂ ಒಟ್ಟಿಗೆ ಕರಗಿಸಿ ಅಚ್ಚಿಗೆ ಹೊಯ್ದೆ. ಎಂಥ ಗುಂಡುಗಳು ಅಂತೀರಿ! ಮದುವೆಯ ಬೆಳ್ಳಿ ಸಾಮಾನಿನ ಹಾಗೆ ಥಳಥಳ ಹೊಳೆಯುತ್ತಿದ್ದವು.

ಅಂಬುಜಾ ಬಂದಳು, ಬೇಳೆ ಬೇಯಿಸಿದಳು, ಹಲಗೆಯತ್ತ ಕೈ ಚಾಚಿದಳು.

"ಏನೂಂದ್ರೆ, ಈಯದ ಚೊಂಬು ಎಲ್ಲಿ?"

"ಯಾವುದು?"

"ಸಾರಿನ ಚೊಂಬು. ನಮ್ಮಜ್ಜಿದು. ಕುಂಭಕೋಣದಿಂದ ರೈಲಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದು ನನ್ನ ಮದುವೇಲಿ ಕೊಟ್ಟದ್ದು."

"ಅದು... ಯಾವುದರಲ್ಲಿ ಮಾಡಿದ್ದು?"

"ತವರ. ಖಾಲಿ ಚೊಂಬನ್ನು ಒಲೆ ಮೇಲೆ ಇಟ್ಟರೆ ಕರಗಿಹೋಗುತ್ತೆ. ಮೊದಲು ಹುಣಿಸೇನೀರು ಹುಯ್ದು ಆಮೇಲೇ ಇಡಬೇಕು. ಇದು ನಮ್ಮ ಲಕ್ಷ್ಮೀಗೂ ಗೊತ್ತು." ಲಕ್ಷ್ಮೀ ನಮ್ಮ ಮಗಳು, ಎರಡನೇ ಕ್ಲಾಸು.

ವಾರವೆಲ್ಲ ತವರದ ಮೇಲೆ ಭಾಷಣ ಮಾಡಿದವನಿಗೆ ಮನೆಯ ತವರದ ಗುರುತು ಸಿಕ್ಕಿರಲಿಲ್ಲ. ಬೊಗಸೆ ತುಂಬ ಗುಂಡುಗಳನ್ನು ತಂದು ಅವಳ ಮುಂದೆ ಹಿಡಿದೆ. ಅವಳು ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಇದರಲ್ಲಿ ಚೊಂಬಿನ ಬಾಯಿ ಯಾವುದು, ತಳ ಯಾವುದು?" ಎಂದು ಕೇಳಿ, ಅಲ್ಲೇ ಕೂತು ಅತ್ತುಬಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಣಲೆಯ ವಿಷಯವನ್ನು ಹೇಳುವುದಕ್ಕೆ ಅದು ಸಮಯವಲ್ಲವೆಂದು ಸುಮ್ಮನಾದೆ.

ಹಾಲಸಿದ್ದಪ್ಪನವರು ಬಂದೂಕು, ತೋಟಾಗಳ ಸಮೇತ ಬಂದು ಎಲೆಯ ಮುಂದೆ ಕುಳಿತರು. ಹಿತ್ತಾಳೆ ಪಾತ್ರೆಯಲ್ಲಿ ಕಾಸಿದ ಸಾರನ್ನು ಒಂದು ಗುಟುಕು ಸುರಿದು ಕಣ್ಣು ಕಿರಿದು ಮಾಡಿದರು.

"ಅಕ್ಕಾರ, ಮೆಣಸಿನಕಾಯಿ ನಂದ ಐತಿ. ರುಚಿ ಎಲ್ಲಿ ಹೋತ್ರಿ?"

"ನಿಮ್ಮ ರಾಯರನ್ನು ಕೇಳಿ. ಗುಂಡಿನೊಳಗೆ ಸೇರಿಸಿದ್ದಾರೆ," ಎಂದಳು ಅಂಬುಜಾ.

ಕಥೆ ಕೇಳಿ ಅವರು ನಕ್ಕೂ ನಕ್ಕೂ ನೆತ್ತಿ ಹತ್ತಿಸಿಕೊಂಡರು. ಊಟದ ಮೇಲೆ ಒಂದು ಗುಂಡನ್ನು ಖಾಲಿ ತೋಟಾದ ಬಾಯಿಗೆ ಇಟ್ಟು ಒತ್ತಿದರು. ಅದು ಒಳಗೆ ಹೋಗಲೊಲ್ಲದು. ಇನ್ನೊಂದೂ ಹೋಗಲಿಲ್ಲ. ಚಿಟಿಕೆ ತವರ ಬೀಳಬೇಕಾದಲ್ಲಿ ಇಡೀ ಚೊಂಬೇ ಬಿದ್ದಿತ್ತು, ನಾನು ಉಪನ್ಯಾಸದಲ್ಲಿ ಹೇಳಿದ್ದಂತೆಯೇ ಗುಂಡುಗಳು ಗಡುಸಾಗಿ ದಪ್ಪಗಾಗಿದ್ದವು.

"ರಾಯರ, ಸಾರೂ ಇಲ್ಲ, ಗುಂಡೂ ಇಲ್ಲ. ಬಂದೂಕ ನಮ್ಮ ಗ್ವಾಡಿಗೇ ಇರ್ಲಿ," ಎಂದು ಎದ್ದರು. "ಈ ಗುಂಡು ನಾ ಒಯ್ತೀನ್ರಿ. ನಮ್ಮ ರಾಯಪುರಂದಾಗ ಇದಕ್ಕ ಗಿರಾಕಿ ಅದಾರ."

ಪಂದ್ಯ ನಾನಿಲ್ಲದೆ ನಡೆಯಿತು. ಕುಂಭಕೋಣದಿಂದ ಹೊಸ ಚೊಂಬು ತರಿಸಿದೆ, ಹೊಸ ಬಾಣಲೆಯನ್ನೂ ತಂದೆ. ಸಾರು ಮೊದಲಿನಂತಾಗಲಿಲ್ಲ. "ಅಜ್ಜಿ ಕೈಲಿ ಪಳಗಿದ್ದು ಬೇರೆ," ಎಂದು ಅಂಬುಜಾ ನಿಟ್ಟುಸಿರು ಬಿಟ್ಟಳು.

ಒಂದು ಏಕಾದಶಿಯ ಬೆಳಿಗ್ಗೆ, ಬೀದಿಯ ಹೆಂಗಸರೆಲ್ಲ ಮಡಿಯುಟ್ಟು ನೀರು ತರುವ ಹೊತ್ತಿನಲ್ಲಿ, ಬುಟ್ಟಿ ಹೊತ್ತವನೊಬ್ಬ ನಮ್ಮ ಬಾಗಿಲಲ್ಲಿ ಬಂದು ನಿಂತ.

"ರಘುರಾಮ ಸಾಮಿ ವೀಡು ಇದುದಾನೇ? ಹಾಲಸಿದ್ದಪ್ಪ ಮೊದಲಾಳಿ ಗುಂಡು ಕುಡುತ್ತಾರು ಸಾಮಿ. ವಲೈಯಿಲೆ ಕಟ್ಟಿನೋಂ. ರಾಸಿಯಾನ ಗುಂಡು!"

ಬಲೆ ನೀರಿನಲ್ಲಿ ಮುಳುಗಲೆಂದು ಬೆಸ್ತರು ಅದರ ಅಂಚಿಗೆ ನನ್ನ ಗುಂಡುಗಳನ್ನು ಭಾರವಾಗಿ ಕಟ್ಟಿದ್ದರು. ಅದೃಷ್ಟದ ಗುಂಡು ಕೊಟ್ಟ ಪುಣ್ಯಾತ್ಮನಿಗೆ ಕೃತಜ್ಞತೆ ಸಲ್ಲಿಸಲು ಅವನು ರಾಯಪುರಂನಿಂದ ಬಂದಿದ್ದ. ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ಸರಿಸಿದ. ಎದುರುಮನೆಯ ವಿನೋದಾಬಾಯಿಯ ಕೈಯಿಂದ ಕೊಡ ಬಿತ್ತು. ಬುಟ್ಟಿಯ ತುಂಬ ಮೀನು, ಕೆಲವು ಇನ್ನೂ ಮಿಸುಕುತ್ತಿದ್ದವು.

"ಇನ್ನುಂ ಗುಂಡು ಇರುಕ್ಕಾ ಸಾಮಿ?" ಎಂದು ಇನ್ನಷ್ಟು ಗುಂಡು ಕೇಳಿದ.

ನಾನು ಬೆವರು ಒರೆಸಿಕೊಳ್ಳುತ್ತಿದ್ದೆ. ಹಿಂದಿನಿಂದ ಅಂಬುಜೆಯ ದನಿ ಕೇಳಿಸಿತು.

"ಅಂತೂ ಗುರಿ ಮುಟ್ಟಿತು. ಹೆಸರು ಬದಲಾಯಿಸೋದು ಬೇಡ." ಅವಳು ಬುಟ್ಟಿಯನ್ನೂ ನನ್ನನ್ನೂ ಒಮ್ಮೆ ನೋಡಿದಳು. "ನಮ್ಮಜ್ಜಿ ಸಾಯೋವರೆಗೂ ಒಂದು ಈರುಳ್ಳಿ ಮುಟ್ಟಿದವಳಲ್ಲ. ಅವಳ ಚೊಂಬಿನ ಕೈಲಿ ಏಕಾದಶಿ ದಿನ ಮೀನು ಹಿಡಿಸಿಬಿಟ್ರಲ್ರೀ."