ಬಾಳೆ ಎಲೆಗೆ ಫಾರ್ವರ್ಡ್ ಕಾಂಟ್ರಾಕ್ಟ್

ಪೌಂಡು, ಡಾಲರುಗಳ ನಡುವೆ ಹನ್ನೊಂದು ವರ್ಷ ಪೆನ್ನು ಸವೆಸಿದವನಿಗೆ ಬಾಳೆ ಎಲೆ ಯಾವ ಲೆಕ್ಕ ಎಂದು ನಾನು ನಿಜವಾಗಿಯೂ ನಂಬಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಮದರಾಸಿನ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ನಾನು ಗುಮಾಸ್ತ. ಜನ್ಮದಲ್ಲಿ ಒಂದು ಡಾಲರ್ ನೋಟು ಮುಟ್ಟಿದವನಲ್ಲ. ಆದರೂ ಮನೆಗೆ ಬಂದರೆ ಸಾಕು, ಲಂಡನ್ ಮಾರುಕಟ್ಟೆಯನ್ನೇ ಅಂಗವಸ್ತ್ರದ ತುದಿಯಲ್ಲಿ ಗಂಟು ಹಾಕಿಕೊಂಡು ಬಂದವನಂತೆ ಮಾತಾಡುತ್ತಿದ್ದೆ.

ಹೀಗಿರುವಾಗ ನಮ್ಮ ಸರಸಕ್ಕನ ಒಬ್ಬಳೇ ಮಗಳು ವಸಂತಿಯ ಮದುವೆ ನಿಶ್ಚಯವಾಯಿತು. ಭಾವ ತೀರಿಕೊಂಡು ಆರು ವರ್ಷವಾಗಿತ್ತು. ಅಕ್ಕ ತಿರುವಲ್ಲಿಕ್ಕೇಣಿಯಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಇದ್ದು, ಹಪ್ಪಳ ಸಂಡಿಗೆ ಮಾಡಿಕೊಟ್ಟು ಮಗಳನ್ನು ಓದಿಸಿದವಳು. ಒಂದು ಸಂಜೆ ಬಂದು ಕೂತಳು.

"ಶೀನಿ, ಎಲ್ಲಾ ಆಯ್ತು ಕಣೋ. ಛತ್ರ, ಅಡಿಗೆಯೋರು ಎಲ್ಲಾ ನನ್ನ ಮೈದುನ ನೋಡ್ಕೋತಾನೆ. ಎಲೆ ಒಂದು ನಿನ್ನ ಪೊರುಪ್ಪು, ನಿನ್ನ ಜವಾಬ್ದಾರಿ. ಬೀಗರು ಕುಂಭಕೋಣದೋರು, ಎಲೆ ನೋಡಿಯೇ ಮನೆತನ ಅಳೆಯೋ ಪೈಕಿ. ಕುಡಿ ಎಲೆ ಆಗ್ಬೇಕು, ಹರಿದದ್ದು ಒಂದೂ ಬರಕೂಡದು. ನಿಮ್ಮ ಭಾವ ಇದ್ದಿದ್ರೆ ತಾವೇ ಹೋಗಿ ಆರಿಸಿ ತರ್ತಿದ್ರು."

"ಅಕ್ಕ, ಕೇಳಿಲ್ಲಿ," ಎಂದು ಕಾಲು ಮಡಚಿ ಕೂತೆ. "ಈ ದಿನದ ರೇಟಿಗೆ ಸ್ಪಾಟ್ ಅಂತಾರೆ. ಮುಂದಿನ ತಿಂಗಳ ಸರಕಿಗೆ ಈಗಲೇ ರೇಟು ಗೊತ್ತು ಮಾಡ್ಕೊಂಡ್ರೆ ಅದು ಫಾರ್ವರ್ಡ್. ಮುಹೂರ್ತದ ದಿನ ಎಲೆ ರೇಟು ಎಲ್ಲಿಗೆ ಬೇಕಾದ್ರೂ ಏರಲಿ, ನಾವು ಕವರ್ ಆಗಿರ್ತೀವಿ!"

"ಏನೋಪ್ಪ, ಎಲೆ ಹಸಿರಾಗಿದ್ರೆ ಸಾಕು," ಎಂದಳು ಅಕ್ಕ.

ಒಳಗಿನಿಂದ ನನ್ನ ಹೆಂಡತಿ ಪದ್ಮಾ ತಲೆ ಹಾಕಿದಳು. "ಅದಕ್ಕೆಲ್ಲಾ ಇಷ್ಟು ಪುರಾಣ ಯಾಕೆ? ಕೊತ್ತವಾಲ್ ಚಾವಡಿ ಎಲೆಮಂಡಿ ಮುನುಸಾಮಿ ಹತ್ರ ಹೋಗಿ, ಹದಿನೇಳನೇ ತಾರೀಖು ಬೆಳಿಗ್ಗೆ ಐನೂರು ಎಲೆ ತಾಪ್ಪಾ ಅಂದ್ರೆ ತರ್ತಾನೆ."

"ಬಾಯಿಮಾತಿನ ವ್ಯವಹಾರ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಇಲ್ಲ!" ಎಂದೆ.

ಮರುದಿನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕಾರ್ಬನ್ ಹಾಕಿ ಕರಾರುಪತ್ರ ಟೈಪು ಮಾಡಿದೆ. ದಿನವೂ ನನ್ನ ಕೈಯಲ್ಲಿ ಸವೆಯುತ್ತಿದ್ದ ನಮೂನೆಯೇ ಮೇಲ್ಪಂಕ್ತಿ. ಪೆರಿಯಮೇಟಿನ ತೊಗಲು ವ್ಯಾಪಾರಿಗಳು ವಿಲಾಯತಿಗೆ ಸರಕು ಕಳಿಸಿ, ಮುಂದೆ ಬರಲಿರುವ ಪೌಂಡುಗಳನ್ನು ನಮ್ಮ ಬ್ಯಾಂಕಿಗೆ ಮೊದಲೇ ಮಾರಿಡುತ್ತಿದ್ದರು. ಹಣ ಯಾವತ್ತು ಬರುತ್ತದೋ ಅವರಿಗೂ ತಿಳಿಯದು. ಆದ್ದರಿಂದ ಆ ನಮೂನೆಯಲ್ಲಿ ಆಪ್ಷನ್ ಎಂಬ ಒಂದು ಷರತ್ತು: ಗೊತ್ತಾದ ತಿಂಗಳಿನಲ್ಲಿ ಮಾರುವವನು ತನಗೆ ಅನುಕೂಲವಾದ ಯಾವ ದಿನವಾದರೂ ಒಪ್ಪಿಸಬಹುದು, ಕೊಳ್ಳುವವರು ತಕರಾರಿಲ್ಲದೆ ತೆಗೆದುಕೊಳ್ಳತಕ್ಕದ್ದು. ಪೌಂಡು ಎಂದಿದ್ದ ಕಡೆ ಬಾಳೆ ಎಲೆ ಎಂದು ಹಾಕಿದೆ. ಉಳಿದದ್ದೆಲ್ಲ ಅಕ್ಷರಶಃ ಹಾಗೆಯೇ ಇಳಿಸಿದೆ. ಮುನುಸಾಮಿಗೆ ಅದನ್ನು ತಮಿಳಿನಲ್ಲಿ ಗಂಭೀರವಾಗಿ ಓದಿ ಹೇಳಿದೆ.

ಅವನು ಕಿವಿ ಮೇಲಿನ ಬೀಡಿ ತೆಗೆದು, "ಎನಕ್ಕು ಸೌಕರ್ಯಮಾನ ನಾಳಿಲೆ ಕುಡುಕ್ಕಲಾಮಾ, ಸಾಮಿ?" ಎಂದ. ತನಗೆ ಅನುಕೂಲವಾದ ದಿನ ಕೊಡಬಹುದೇ ಎಂದು ಪಾಪ, ಸರಿಯಾಗಿಯೇ ಕೇಳಿದ.

"ತಾರಾಳಮಾ!" ಎಂದೆ. ಧಾರಾಳವಾಗಿ ಕೊಡಬಹುದು! ನನ್ನ ಬುದ್ಧಿಗಿಷ್ಟು!

ಮದುವೆ ಹದಿನೇಳಕ್ಕೆ. ಎಂಟನೇ ತಾರೀಖು ಬೆಳಿಗ್ಗೆ ನಮ್ಮ ವಠಾರದ ಬಾಗಿಲಿಗೆ ಕೈಗಾಡಿ ಬಂದು ನಿಂತಿತು. ಮೇಲೆ ಐನೂರು ಕುಡಿ ಎಲೆ. ಒಂದೊಂದೂ ಅಚ್ಚಹಸಿರು. ಒಂದಾದರೂ ಹರಿದಿದ್ದರೆ ಕೇಳಿ!

"ಇವತ್ತಲ್ಲಪ್ಪಾ!" ಎಂದು ಕಿರುಚಿದೆ.

ಮುನುಸಾಮಿ ಸೊಂಟದಿಂದ ಕಾರ್ಬನ್ ಪ್ರತಿ ತೆಗೆದ. ಆ ದಿನ ಎಲ್ಲೂ ಮದುವೆಯಿಲ್ಲ, ಮಂಡಿಯಲ್ಲಿ ಎಲೆ ರಾಶಿ ಬಿದ್ದಿದೆ, ಅವನಿಗೆ ಅನುಕೂಲವಾದ ದಿನ ಅದೇ. "ನೀಂಗ ಎಳುದಿನದುದಾನೇ, ಸಾಮಿ," ಎಂದ. ಬರೆದವನು ನಾನೇ. ಪೌಂಡು ಬಾಡುವುದಿಲ್ಲ, ಎಲೆ ಬಾಡುತ್ತದೆ ಎಂಬುದು ಹನ್ನೊಂದು ವರ್ಷದ ಅನುಭವಕ್ಕೆ ಆಗ ಹೊಳೆಯಿತು.

ಎಲೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ವಠಾರದ ಬಚ್ಚಲುಮನೆಯಲ್ಲಿ ಜೋಡಿಸಿದೆ. ಇರುವುದು ಒಂದೇ ಬಚ್ಚಲು, ಸಂಸಾರ ಏಳು! "ಏನ್ರೀ ಶ್ರೀನಿವಾಸರಾಯರೇ, ನಮ್ಮ ಸ್ನಾನಾನೂ ಫಾರ್ವರ್ಡಾ?" ಎಂದು ಎದುರುಮನೆಯವರು ತಂಬಿಗೆ ಹಿಡಿದು ನಿಂತರು. ಹೊರಗೆ ಮೇ ತಿಂಗಳ ಉರಿ, ಮದರಾಸಿನವರು ಹೇಳುವ ಕತ್ತರಿ ಬಿಸಿಲು. ಮೂರನೆಯ ದಿನಕ್ಕೆ ಎಲೆಯ ಅಂಚೆಲ್ಲ ಹಳದಿ.

"ಅಕ್ಕನಿಗೆ ಹೇಳಿಬಿಡಿ," ಎಂದಳು ಪದ್ಮಾ. "ಇನ್ನೂ ದಿನ ಇದೆ. ಅವರ ಮೈದುನ ಇದ್ದಾರೆ, ನಾನಿದ್ದೀನಿ. ಏನಾದ್ರೂ ದಾರಿ ಮಾಡೋಣ."

ಹೇಳಬೇಕಿತ್ತು. ಆ ಒಂದು ಮಾತು ಹೇಳಬೇಕಿತ್ತು! ಅದೇ ಸಂಜೆ ಅಕ್ಕ ದೇವಸ್ಥಾನದ ಕೆರೆಯ ಹತ್ತಿರ ಸಿಕ್ಕಿ, "ಎಲೆ ವಿಷಯ ಆಯ್ತೇನೋ?" ಎಂದಾಗ ನನ್ನ ಬಾಯಿಂದ ಬಂದದ್ದು, "ಪೊಸಿಷನ್ ಸ್ಕ್ವೇರ್, ಅಕ್ಕ!" ಕೊಂಡದ್ದೂ ಕೊಡಬೇಕಾದ್ದೂ ಸರಿಹೋಗಿ ಏನೂ ಅಪಾಯ ಉಳಿದಿಲ್ಲ ಎಂದು ಅದರ ಅರ್ಥ. ಅಕ್ಕನಿಗೆ ಅರ್ಥವಾಗಲಿಲ್ಲ. ಆದರೂ ಅವಳ ಮುಖ ಹಗುರವಾಯಿತು.

ಆಮೇಲೆ ಇದ್ದದ್ದು ಮಾರಾಟ. ಬೀದಿ ಕೊನೆಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಭಟ್ಟರು ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದರು. "ಎಂಥ ಮಾರಾಯ್ರೆ ಇದು! ತುಂಡು ಮಾಡಿ ಇಡ್ಲಿಗೆ ಹಾಕ್ಲಿಕ್ಕೆ ಆದೀತು, ಅಷ್ಟೆ." ಕೊಂಡ ಬೆಲೆಯ ಕಾಲುಭಾಗ ಕೊಟ್ಟರು. ಕೊಳ್ಳುವ ರೇಟಿಗೂ ಮಾರುವ ರೇಟಿಗೂ ಇರುವ ಅಂತರಕ್ಕೆ ನಮ್ಮಲ್ಲಿ ಸ್ಪ್ರೆಡ್ ಎನ್ನುತ್ತಾರೆ. ಕೂದಲೆಳೆಯಷ್ಟಿರುತ್ತದೆ. ಭಟ್ಟರ ಸ್ಪ್ರೆಡ್ಡಿನಲ್ಲಿ ಕೈಗಾಡಿಯೇ ಹೋಗಬಹುದಿತ್ತು!

ಹೋಗಲಿ, ಮದುವೆಯ ಬೆಳಿಗ್ಗೆ ಸ್ಪಾಟ್‌ನಲ್ಲಿ ಕೊಂಡರಾಯಿತು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಹದಿನೇಳರ ಬೆಳಿಗ್ಗೆ ಕೊತ್ತವಾಲ್ ಚಾವಡಿಗೆ ಹೋದರೆ ಮುನುಸಾಮಿಯ ಮಂಡಿ ಗುಡಿಸಿಟ್ಟಂತಿದೆ. ಊರಿಗೆ ಊರೇ ಮದುವೆ. ಅವನು ನಿಜವಾಗಿಯೂ ನೊಂದುಕೊಂಡ. "ವಾಯಾಲೆ ಒರು ವಾರ್ತೆ ಸೊಲ್ಲಿಯಿರುಂದಾ ಎಡುತ್ತು ವೆಚ್ಚಿರುಪ್ಪೇನೇ, ಸಾಮಿ!" ಬಾಯಲ್ಲಿ ಒಂದು ಮಾತು ಹೇಳಿದ್ದರೆ ಎತ್ತಿಟ್ಟಿರುತ್ತಿದ್ದನಂತೆ. ತಾನೇ ನನ್ನ ಜೊತೆ ಅಂಗಡಿ ಅಂಗಡಿ ಅಲೆದು, ಸೀಳಿದ್ದು, ತೂತಾದದ್ದು, ಬುಡದ ತುಂಡು ಎಲ್ಲ ಸೇರಿಸಿ ಒಂದು ಹೊರೆ ಮಾಡಿಕೊಟ್ಟ.

ಮೊದಲ ಪಂಕ್ತಿಯ ಮೊದಲ ಎಲೆ ಗಂಡಿನ ತಂದೆಯದು. ರಿಟೈರ್ಡ್ ಹೆಡ್‌ಮಾಸ್ಟರು. ಅವರ ಎಲೆಗೆ ನಡುವೆ ಸೀಳು. ಅನ್ನದಿಂದ ಕಟ್ಟೆ ಕಟ್ಟಿದರು, ಪಾಪ. ಸಾರು ಕಟ್ಟೆ ಒಡೆದು ಅವರ ರೇಷ್ಮೆ ಪಂಚೆಗೆ ಇಳಿಯಿತು. ಅವರು ಕೈ ನಿಲ್ಲಿಸಿ, "ಮದರಾಸಿನಲ್ಲಿ ಬಾಳೆ ಬೆಳೆಯುವುದಿಲ್ಲವೋ?" ಎಂದರು. ಇಡೀ ಪಂಕ್ತಿ ಕೈ ನಿಲ್ಲಿಸಿತು.

"ಅದು ಏನಾಯ್ತೂಂದ್ರೆ, ಫಾರ್ವರ್ಡ್‌ನಲ್ಲಿ..." ಎಂದು ನಾನು ಶುರು ಮಾಡಿದೆ. ಪದ್ಮಾ ನನ್ನ ಅಂಗವಸ್ತ್ರ ಹಿಡಿದು ಜಗ್ಗಿದಳು.

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಿಂದ ಅಕ್ಕ ಬಂದಳು. ಮದುವೆಯ ಯಾವ ಶಾಸ್ತ್ರಕ್ಕೂ ಮುಂದೆ ಬರದೆ ಬೆಳಗಿನಿಂದ ಒಳಗೇ ಇದ್ದವಳು ಅಷ್ಟು ಜನರ ಎದುರು ಕೈ ಮುಗಿದು ನಿಂತಳು. "ತಪ್ಪು ನಂದು. ಗಲಾಟೆಯಲ್ಲಿ ಎಲೆ ವಿಷಯ ನಾನೇ ಮರೆತುಬಿಟ್ಟೆ. ದೊಡ್ಡ ಮನಸ್ಸು ಮಾಡಿ ಊಟ ಮಾಡ್ಬೇಕು."

ಹೆಡ್‌ಮಾಸ್ಟರು ಒಂದು ಕ್ಷಣ ನೋಡಿ, "ಬಿಡಿಯಮ್ಮ, ಎಲೆಯಲ್ಲೇನಿದೆ, ಸಾರು ಚೆನ್ನಾಗಿದೆ," ಎಂದು ಕಲಸತೊಡಗಿದರು. ಊಟ ಮುಂದುವರಿಯಿತು.

ಸಂಜೆ ಪಾತ್ರೆಗಳ ನಡುವೆ ಕೂತಿದ್ದ ಅಕ್ಕನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಕೆರೆ ಹತ್ರ ಕೇಳಿದ್ನಲ್ಲೋ," ಎಂದಳು ಅಷ್ಟೆ.

ಮರುವರ್ಷ ವಸಂತಿಯ ಸೀಮಂತ. "ಅಕ್ಕ, ನಾನೇನು ತರಲಿ?" ಎಂದೆ. "ಏನೂ ಬೇಡ ಕಣೋ. ನೀನು ಬಂದು ಊಟ ಮಾಡು, ಸಾಕು," ಎಂದಳು. ಹೋದೆ. ಪಂಕ್ತಿಯುದ್ದಕ್ಕೂ ಕುಡಿ ಎಲೆ, ಅಚ್ಚಹಸಿರು. ತರಿಸಿದವಳು ಪದ್ಮಾ. ಮುನುಸಾಮಿಗೆ ಬಾಯಲ್ಲಿ ಒಂದು ಮಾತು ಹೇಳಿದ್ದಳಂತೆ.

ತುಂಬ ಬೇಡಿಕೊಂಡ ಮೇಲೆ ನನಗೂ ಒಂದು ಕೆಲಸ ಸಿಕ್ಕಿತು. ಎಲೆಯ ತುದಿಗೆ ಉಪ್ಪು ಬಡಿಸುವುದು. ಅದೂ, ಎಷ್ಟು ಹಾಕಬೇಕು ಅಂತ ಪದ್ಮಾ ಮೊದಲ ಎಲೆಗೆ ಹಾಕಿ ತೋರಿಸಿದ ಮೇಲೆ!