ದೊರೆಯ ‘ತಕ್ಷಣ’ಕ್ಕೆ ನಮ್ಮ ಸೀಮೆಯ ಕನ್ನಡ

ಇಂಗ್ಲಿಷಿನಲ್ಲಿ ‘ತಕ್ಷಣ’, ‘ಹತ್ತಿರದಲ್ಲೇ’, ‘ಆಗಾಗ’ ಎನ್ನುವುದಕ್ಕೆ ಒಂದೊಂದು ಮಾತುಂಟು. ಕನ್ನಡದಲ್ಲೂ ಉಂಟು. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಮುಗಿಯಿತು ಎಂದು ನಂಬಿ ನಾನು ದುಭಾಷಿಯ ಕೆಲಸಕ್ಕೆ ಸೇರಿದೆ. ವಿಜ್ಞಾನದಲ್ಲಿ ಆಗತಾನೆ ಪದವಿ ಪಡೆದವನು ಹಾಗೆ ನಂಬುವುದು ಸಹಜ. ಅದಿರು ಹುಡುಕುತ್ತ ಚಿತ್ರದುರ್ಗದ ಸೀಮೆಗೆ ಬಂದಿದ್ದ ಇಂಗ್ಲಿಷ್ ದೊರೆ ನನ್ನನ್ನು ಪರೀಕ್ಷೆಗೆಂದು ಇಟ್ಟುಕೊಂಡಿದ್ದರು. ಮೆಚ್ಚಿದರೆ ಕೆಲಸ ಖಾಯಂ, ಇಲ್ಲವಾದರೆ ಮನೆ. ಆ ತಿರುಗಾಟದಲ್ಲಿ ನನ್ನ ಆ ನಂಬಿಕೆ ಎಡವಿ ಬೀಳದ ದಿನವೇ ಇರಲಿಲ್ಲ.

ಹತ್ತಿರದಲ್ಲೇ

ಹಿರೇಗುಂಟನೂರಿನಲ್ಲಿ ಕರಿಕಲ್ಲಿನ ಗುಡ್ಡ ಎಷ್ಟು ದೂರವೆಂದು ಒಬ್ಬ ಮುದುಕನನ್ನು ಕೇಳಿದೆ.

“ಇಲ್ಲೇ ಐತೆ, ಬರ್ರಿ. ಒಂದು ಕೂಗಳತೆ.”

‘ಬಹಳ ಹತ್ತಿರದಲ್ಲೇ’ ಎಂದು ದೊರೆಗೆ ತಿಳಿಸಿದೆ. ಅವರು ಕುದುರೆ ಬಿಟ್ಟು, ನೀರೂ ಬಿಟ್ಟು ಹೊರಟರು. ಬಿಸಿಲು ನೆತ್ತಿಗೆ ಬಂತು, ಗುಡ್ಡ ಬರಲಿಲ್ಲ. ದೊರೆಯ ಮುಖ ಕಾದ ತಾಮ್ರವಾಯಿತು. “ಯಾರ ಕೂಗಿನ ಅಳತೆಯಂತೆ, ಕೇಳು!” ಎಂದು ದಾರಿ ತೋರುತ್ತಿದ್ದ ಮುದುಕನತ್ತ ಬೆರಳು ಮಾಡಿದರು.

ಕೇಳಿದೆ.

“ನಮ್ಮಣ್ಣಂದು ಸ್ವಾಮಿ. ಅವನು ಕೂಗಿದ್ರೆ ಪಕ್ಕದೂರಿನ ದನಾನೂ ತಿರುಗಿ ನೋಡ್ತಾವೆ.”

ಆಗಾಗ

ಧರ್ಮಪುರದ ಕಣದಲ್ಲಿ ಅಜ್ಜಿಯೊಬ್ಬಳು ರಾಗಿ ಕೇರುತ್ತಿದ್ದಳು. ಇಲ್ಲಿ ಮಳೆ ಆಗಾಗ ಬರುತ್ತದೋ ಅಪರೂಪಕ್ಕೋ ಎಂದು ದೊರೆ ಕೇಳಿಸಿದರು.

“ತಪ್ಪದೆ ಬರ್ತೈತಪ್ಪ,” ಎಂದಳು.

ದೊರೆ ಸುತ್ತ ನೋಡಿದರು. ನೆಲ ಹೆಂಚಿನಂತಿತ್ತು. “ಯಾವಾಗ ತಪ್ಪದೆ?”

“ಬಿತ್ತಿದಾಗಲ್ಲ, ಒಣಾಕಿದಾಗ. ನಿಮ್ ದೊರೆಗೆ ಮಳೆ ಬೇಕಾದ್ರೆ ಏನಾರ ಒಣಾಕು ಅಂತ ಹೇಳು.”

ತಕ್ಷಣ

ಹೊಸದುರ್ಗದಲ್ಲಿ ಮಾತ್ರ ನನ್ನ ಕೆಲಸಕ್ಕೇ ಕುತ್ತು ಬಂತು. ಅದಿರಿನ ಕಲ್ಲು ತುಂಬಿದ ಪೆಟ್ಟಿಗೆಗಳು ಮಧ್ಯಾಹ್ನದ ರೈಲಿಗೆ ಹೋಗಬೇಕು. “ರೈಲಿಗೆ ಮೊದಲು ಇವು ಸ್ಟೇಷನ್ ಮುಟ್ಟದಿದ್ದರೆ ನೀನು ನಾಳೆ ಬರಬೇಡ,” ಎಂದು ದೊರೆ ಬೆಳಿಗ್ಗೆಯೇ ಹೇಳಿದ್ದರು. ಗಾಡಿಗಳು ತುಂಬಿದವು. ಎತ್ತು ಹೂಡಿದರು. ದೊರೆ ಕೈಯೆತ್ತಿ “ತಕ್ಷಣ!” ಎಂದವರು, ದೂಳಿಗೆ ಒಂದು ಸೀನು ಸೀನಿದರು.

ಗಾಡಿಯವರೆಲ್ಲ ಇಳಿದು ಕುಂತರು.

“ಏಳ್ರಪ್ಪ, ಹೋಗಾಣ!” ಎಂದೆ.

ಹಿರಿಯ ಗಾಡಿಯವನು ಚೊಂಬು ಎತ್ತಿದ. “ಒಂಟಿ ಸೀನಿಗೆ ಯಾರಾದ್ರೂ ಹೊರಡ್ತಾರೇನ್ರಿ? ಕುಂತ್ಕಳ್ರಿ. ಒಂದು ಗುಟುಕು ನೀರು ಕುಡಿದು ಹೋಗಾಣ.”

ನೀರು ಕುಡಿದರು, ಎದ್ದರು. ದೊರೆ “ತಕ್ಷಣ!” ಎಂದರು. ಸೀನಿದರು. ಮತ್ತೆ ಕುಂತರು. ಹೀಗೇ ನಡೆಯಿತು. ಬಿಸಿಲೇರಿತು, ಚೊಂಬು ಬರಿದಾಯಿತು, ಒಬ್ಬ ಬಾವಿಗೆ ಹೋದ. ನನ್ನ ನೌಕರಿ ಆ ಕೆಂಪು ಮೂಗಿನ ತುದಿಯಲ್ಲಿ ತೂಗುತ್ತಿತ್ತು!

“ಇದಕ್ಕೆ ಪರಿಹಾರ ಇಲ್ಲವೇ?” ಎಂದೆ.

“ಅದೇ ಮೂಗು ಜೋಡಿ ಸೀನಿದ್ರೆ ಶುಭ,” ಎಂದು ಹಿರಿಯವನು ಸೊಂಟದಿಂದ ನಶ್ಯದ ಡಬ್ಬಿ ತೆಗೆದ. “ಕೊಡ್ರಿ ನಿಮ್ ದೊರೆಗೆ.”

‘ನೆಗಡಿಗೆ ಔಷಧ’ ಎಂದು ದೊರೆಗೆ ಹೇಳಿ ಕೊಟ್ಟೆ. ಅವರು ಧಾರಾಳವಾಗಿ ಏರಿಸಿದರು.

“ಒಂದು,” ಎಂದರು ಗಾಡಿಯವರು. “ಎರಡು!” ಎಂದು ಎದ್ದರು. “ಮೂರು” ಎಂದು ಕುಂತರು. “ನಾಲ್ಕು! ಲೇ, ಹೊಡೀರ್ಲೇ, ಐದನೇದು ಬರಾಕ್ ಮುಂಚೆ!”

ಎತ್ತುಗಳು ಹಾರಿದವು. ದೊರೆ ಕುದುರೆಯ ಮೇಲೆ, ಎರಡೂ ಕೈಯಲ್ಲಿ ಮೂಗು ಹಿಡಿದು. ಲಗಾಮು ನನ್ನ ಕೈಯಲ್ಲಿ. ದಾರಿಯಲ್ಲಿ ಅವರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಮೂಗು ಬಿಡದೆ ತಲೆಯಾಡಿಸಿದರು. ಬಾಯಿ ಬಿಟ್ಟರೆ ಸೀನು ಬರುವಂತಿತ್ತು.

ಸ್ಟೇಷನ್ನಿಗೆ ಓಡಿ ನುಗ್ಗಿದೆವು. ರೈಲು ಇನ್ನೂ ಬಂದಿರಲಿಲ್ಲ. “ನಿನ್ನ ಕೆಲಸ ಖಾಯಂ,” ಎಂದರು ದೊರೆ. ನನಗೆ ಕುಣಿಯುವಂತಾಯಿತು. ಪೆಟ್ಟಿಗೆ ಇಳಿಸಿ ಕಾದೆವು. ರೈಲಿಲ್ಲ. ಮತ್ತೂ ಕಾದೆವು. ಸ್ಟೇಷನ್ ಮಾಸ್ತರರು ಕಿಟಕಿಯಿಂದ ತಲೆ ಹಾಕಿ, “ಇನ್ನೇನು, ಬಂದೇ ಬಿಡ್ತು,” ಎಂದು ಕಿಟಕಿ ಮುಚ್ಚಿದರು.

ದೊರೆ ಖಾಲಿ ಹಳಿಯನ್ನೊಮ್ಮೆ ನೋಡಿದರು. ಹಿರಿಯ ಗಾಡಿಯವನ ಮುಂದೆ ಹೋಗಿ, ನಶ್ಯಕ್ಕೆ ಅಂಗೈ ಚಾಚಿದರು.

“ಎಷ್ಟು ಬೇಕಂತೆ?” ಎಂದು ಅವನು ನನ್ನನ್ನು ಕೇಳಿದ.

“ಇಂಜಿನ್ನಿಗೆ ಆಗುವಷ್ಟು.”